ಹಗ್ಗದ ಆಚೆಯ ಕೋಣೆ

“ಮುಟ್ಟಬೇಡಿ!”

ಪುರಂದರನ ದನಿ ಅವನಿಗೇ ಜೋರೆನಿಸಿತು. ಅಷ್ಟರಲ್ಲಿ ಆಶಾಲತಾಳ ಕೈ, ನೋಡಲು ಬಂದವರು ದಾಟದಂತೆ ಕಟ್ಟಿದ ಹಗ್ಗದ ಆಚೆ, ಗೂಟಕ್ಕೆ ನೇತುಹಾಕಿದ್ದ ಟವೆಲಿನ ಮೇಲಿತ್ತು.

“ಒದ್ದೆ ಉಂಟಲ್ಲ ಪುರಂದರಣ್ಣ?”

“ಅದು... ನಿಜದ ಹಾಗೆ ಕಾಣಬೇಕಂತ. ಶುಕ್ರವಾರ ಜನ ನೋಡ್ಲಿಕ್ಕೆ ಬರ್ತಾರಲ್ಲ, ಒದ್ದೆ ಮಾಡಿ ಇಡುದು.”

ಆಕೆ ತಲೆಯಾಡಿಸಿದಳು. ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು ಕುವೈತ್ ಪೇಟೆಯ ಹವಲ್ಲಿಯಿಂದ ದೂರದ ವಫ್ರಾದ ಈ ತೋಟದವರೆಗೆ ಬಂದದ್ದು ಕಟ್ಟಡ ನೋಡಲಿಕ್ಕಲ್ಲ, ಪುರಂದರನನ್ನು ನೋಡಲಿಕ್ಕೆ. ಆಕೆಯ ತಮ್ಮ ಶೈಲೇಶ ಊರಿನಲ್ಲಿ ಪುರಂದರನ ಮಗಳು ಅಪೇಕ್ಷಾಳನ್ನು ಮೆಚ್ಚಿದ್ದ. ಹುಡುಗಿಯ ಅಪ್ಪ ಕುವೈತಿನಲ್ಲಿ ಎಸ್ಟೇಟ್ ಮ್ಯಾನೇಜರ್ ಅಂತೆ, ಹೇಗಿದ್ದಾರೋ ನೋಡಿ ಬಾ ಎಂದು ಮನೆಯವರು ಅಕ್ಕನನ್ನು ಅಟ್ಟಿದ್ದರು.

ಹಾಗಾಗಿ ಪುರಂದರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಯಿಪಾಠದ ಚರಿತ್ರೆಯನ್ನು ಇವತ್ತು ಇನ್ನಷ್ಟು ಗತ್ತಿನಿಂದ ಒಪ್ಪಿಸುತ್ತಿದ್ದ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಜಮೀನುದಾರನ ತೋಟದ ಪಡಿಯಚ್ಚು ಇದು. ಕಫೀಲ್, ಅಂದರೆ ಅವನನ್ನು ಕೆಲಸಕ್ಕಿಟ್ಟ ಅರಬ್ಬಿ ಧಣಿ, ಲಂಡನ್ನಿಗೆ ಹೋಗಿ ಬಂದವನೇ ಕಟ್ಟಿಸಿದ್ದು. ಕಲ್ಲಿನ ಕುದುರೆಲಾಯ. ಬೆಣ್ಣೆ ಕಡೆಯುವ ತಂಪು ಕೋಣೆ. ಇಲಿ ಹತ್ತದಂತೆ ಕಂಬಗಳ ಮೇಲೆ ನಿಲ್ಲಿಸಿದ ಕಣಜ. ಕೊನೆಗೆ, ಲಾಯದ ಬೆನ್ನಿಗೆ ಅಂಟಿಕೊಂಡ ಈ ಕೂಲಿಯವನ ಕೋಣೆ: ಹುಲ್ಲಿನ ಹಾಸಿಗೆ, ತಗಡಿನ ಪೆಟ್ಟಿಗೆ, ಮಸಿ ಹಿಡಿದ ಪಾತ್ರೆ.

“ಕುದುರೆಗೆ ಕಿಟಕಿ ಉಂಟು, ಮನುಷ್ಯನಿಗೆ ಇಲ್ಲ. ಆ ಧಣಿಗಳಿಗೆ ನಾಚಿಕೆ ಆಗ್ತಿರ್ಲಿಲ್ವಾ?”

“ಅದೆಲ್ಲ ನೂರೈವತ್ತು ವರ್ಷದ ಹಿಂದಿನ ಮಾತು,” ಎಂದ ಪುರಂದರ. ನಾಚಿಕೆ ಆಗಬೇಕಾದದ್ದು ಯಾರಿಗೋ, ಕಿವಿ ಬಿಸಿಯಾದದ್ದು ಅವನದು.

“ನಿಮ್ಮ ಮನೆ ಎಲ್ಲಿ?”

ಹೂಬಳ್ಳಿ ಹಬ್ಬಿದ ಎರಡಂತಸ್ತಿನ ಕೆಂಪು ಮನೆಯನ್ನು ತೋರಿಸಿದ. “ಪೈಂಟಿಂಗ್ ಆಗ್ತಾ ಉಂಟು. ಇಲ್ಲದಿದ್ರೆ ಒಳಗೆ ಕರೀತಿದ್ದೆ.”

ಬಾಗಿಲಿಗೆ ಬೀಗವಿತ್ತು. ಆಶಾಲತಾ ಅದನ್ನು ನೋಡಿದಳು. ಕುಡಿಯಲು ನೀರು ಬೇಕೆಂದಳು. ಬದುಕಿದೆನೆಂದು ಅವನು ತರಲು ಓಡಿದ.

ಹೊರಡುವಾಗ ಆಕೆ ಕಾರಿನ ಗಾಜು ಇಳಿಸಿದಳು. “ನಮಗೆ ಒಪ್ಪಿಗೆ ಪುರಂದರಣ್ಣ. ಊರಿನವರಿಗೆ ನಾನೇ ಹೇಳ್ತೇನೆ, ಇನ್ನು ದಿನ ನೋಡುವ. ಪತ್ರೊಡೆ ತಂದಿದ್ದೆ, ನಿಮ್ಮ ಮನೆಯಲ್ಲೇ ಇಟ್ಟಿದ್ದೇನೆ. ಇವತ್ತೇ ತಿನ್ನಿ, ಆಯ್ತಾ?”

ಕಾರು ಮರೆಯಾಗುತ್ತಲೇ ಅವನು ಕೆಂಪು ಮನೆಯತ್ತ ಓಡಿದ. ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಬೀಗ ಹಾಗೆಯೇ ಇತ್ತು. ಅದರ ಕೀಲಿ ಅವನ ಬಳಿ ಎಂದೂ ಇದ್ದದ್ದಲ್ಲ.

ಡಬ್ಬಿ ಇದ್ದದ್ದು ಹಗ್ಗದ ಆಚೆ, ಕಿಟಕಿಯಿಲ್ಲದ ಕೋಣೆಯಲ್ಲಿ, ದಿನವೂ ಅವನು ಮಲಗುವ ಆ ಹುಲ್ಲಿನ ಹಾಸಿಗೆಯ ಮೇಲೆ.