ತಗಡಣ್ಣ ಕುಂಟಿದ್ದೇಕೆ

ತಗಡಣ್ಣ ಯಾಕೆ ಕುಂಟುತ್ತಾನೆ ಎಂಬುದಕ್ಕೆ ನೂರ ಹತ್ತು ಪುಟಗಳ ಕಾರಣವನ್ನು ಡೈರೆಕ್ಟರು ಮೇಜಿನ ಮೇಲಿಟ್ಟಾಗ, ಹದಿನಾರು ವರ್ಷ ತಗಡಣ್ಣನ ಹೊಟ್ಟೆಯೊಳಗೆ ನಿಂತು ಕುಂಟಿದವನಿಗೆ ಮೊದಲು ನಗು ಬಂತು. ಆಮೇಲೆ ಮೈ ಉರಿಯಿತು.

ಬಾಹ್ಯಾಕಾಶದ ಆ ನಾಲ್ಕು ಸಿನಿಮಾಗಳಲ್ಲಿ ತಗಡಣ್ಣ ಹೀರೋ ಏನಲ್ಲ. ನೌಕೆಯ ಮೂಲೆಯಲ್ಲಿ ನಟ್ಟು ಬಿಗಿಯುವ ಮುದಿ ರೋಬೋಟು, ಒಂದೊಂದು ಸಿನಿಮಾದಲ್ಲಿ ಹೆಚ್ಚೆಂದರೆ ಹನ್ನೆರಡು ನಿಮಿಷ. ಆದರೂ ಮಕ್ಕಳು ಹೀರೋನನ್ನು ಬಿಟ್ಟು ಇವನ ಹಾಗೆ ನಡೆಯುವುದನ್ನು ಕಲಿತವು. ಈಗ ಅವನದ್ದೇ ಒಂದು ಪ್ರತ್ಯೇಕ ಸಿನಿಮಾ. ಸುದ್ದಿ ಬಂದ ದಿನ, ರೋಬೋಟಿನ ತಗಡು ಸೂಟು ತೊಟ್ಟು ತಗಡಣ್ಣನಾಗಿ ನಟಿಸುತ್ತಿದ್ದ ಸೂಟಿನವನು, ಸ್ಟುಡಿಯೋದಲ್ಲಿ ಅವನಿಗೆ ಬೇರೆ ಹೆಸರೇ ಇರಲಿಲ್ಲ, ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಎರಡು ಸುತ್ತು ಕುಂಟಿ ತೋರಿಸಿದ್ದ. ಹನ್ನೆರಡು ನಿಮಿಷದವನ ಪಾಲಿಗೆ ಎರಡು ಗಂಟೆ ಬಂತಲ್ಲ ಎಂದು ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಡೈರೆಕ್ಟರಿಗೆ ಇನ್ನೂ ಮೂವತ್ತು ದಾಟಿಲ್ಲ. ಮೊದಲ ಸಿನಿಮಾವನ್ನು ಹತ್ತು ಸಲ ನೋಡಿ ಬೆಳೆದವನು. ತಾಲೀಮಿನ ಕೋಣೆಯ ಉದ್ದಕ್ಕೂ ಓಡಾಡುತ್ತ, ಕೈ ಬೀಸುತ್ತ ಅವನು ಕಥೆ ಹೇಳಿದ. ತಗಡಣ್ಣ ಹಿಂದೆ ಮನುಷ್ಯನಾಗಿದ್ದನಂತೆ, ಸೈನಿಕ. ಚಕ್ರವರ್ತಿಯ ಮಗಳನ್ನು ಕಾಪಾಡಲು ಹೋಗಿ ಕೋಟೆಯ ಬಾಗಿಲಿನಡಿ ಬಲಗಾಲು ಜಜ್ಜಿಹೋಯಿತಂತೆ. ಆ ನೋವು ತಗಡಿನ ಮೈಯಲ್ಲೂ ಉಳಿದುಕೊಂಡಿತಂತೆ. ಅವನ ಸಿಳ್ಳಿಗೊಂದು ಕಾರಣ, ತಲೆ ಓರೆ ಮಾಡುವುದಕ್ಕೊಂದು ಕಾರಣ. ನೆತ್ತಿಯ ಮೇಲಿನ ಗುಳಿಗಂತೂ ಒಬ್ಬಳು ತೀರಿಹೋದ ಪ್ರೇಯಸಿಯೇ ಇದ್ದಳು. ಅಸಲಿಗೆ ಸಾಮಾನಿನ ವ್ಯಾನಿನ ಬಾಗಿಲು ಬಡಿದು ಬಿದ್ದ ಗುಳಿ ಅದು.

ಸೂಟಿನವನು ಎಷ್ಟೆಂದು ತಡೆದುಕೊಂಡಾನು? ಗೋಡೆಯ ಪಕ್ಕ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದ ವೇಷಭೂಷಣದ ಅಕ್ಕನ ಕಡೆ ತಿರುಗಿದ.

"ನೀನೇ ಹೇಳಕ್ಕ, ಅವನು ಯಾಕೆ ಕುಂಟ್ತಾನೆ?"

ಅಕ್ಕ ಮುಚ್ಚುಮರೆ ಮಾಡಲಿಲ್ಲ. ಮೊದಲ ಸಿನಿಮಾದ ಹಿಂದಿನ ದಿನ ಬೂಟು ಕತ್ತರಿಸುವಾಗ, ಎಡಗಾಲಿನ ಕಾಗದದ ಅಚ್ಚನ್ನು ಮಗುಚಿ ಹಾಕುವುದನ್ನು ಮರೆತು, ಎರಡೂ ಬೂಟನ್ನು ಎಡಗಾಲಿಗೇ ಹೊಲಿದಿದ್ದಳು. ಬೇರೆ ಹೊಲಿಯಲು ವೇಳೆಯಿರಲಿಲ್ಲ. ನಲವತ್ತು ದಿನ ಇವನು ಬಲಗಾಲನ್ನು ಎಡಗಾಲಿನ ಬೂಟಿಗೆ ತುರುಕಿಕೊಂಡು ನಡೆದ. ಜನ ಆ ನಡಿಗೆಗೆ ಮರುಳಾದ ಮೇಲೆ, ಬೂಟು ಸರಿಮಾಡುವುದು ಬೇಡ ಎಂದು ಮೇಲಿನಿಂದ ಅಪ್ಪಣೆಯಾಯಿತು.

ಡೈರೆಕ್ಟರು ಮುಗುಳ್ನಕ್ಕ. "ಅದು ನಿಮ್ಮ ಕಾರಣ ಸರ್. ತಗಡಣ್ಣನ ಕಾರಣ ಬೇರೆ. ನಾವು ಎರಡು ವರ್ಷ ಕೂತು ಹುಡುಕಿದ್ದೀವಿ."

"ಹುಡುಕೋಕೆ ಅದೇನು ಕಳೆದುಹೋಗಿತ್ತಾ?" ಎಂದ ಸೂಟಿನವನು. ಧ್ವನಿ ಏರಿದ್ದು ಅವನಿಗೇ ಗೊತ್ತಾಯಿತು, ಇಳಿಸಲಿಲ್ಲ. ಅವನಿಗೂ ಈ ಸಿನಿಮಾ ಬೇಕಿತ್ತು, ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು. ಆದರೆ ಅವನ ಮನಸ್ಸಿನಲ್ಲಿದ್ದ ಸಿನಿಮಾದಲ್ಲಿ ಯುದ್ಧವಿಲ್ಲ, ಚಕ್ರವರ್ತಿಯಿಲ್ಲ. ಹೀರೋಗಳೆಲ್ಲ ಲೋಕ ಉದ್ಧಾರಕ್ಕೆ ಹೊರಟುಹೋದ ಮೇಲೆ, ಖಾಲಿ ನೌಕೆಯಲ್ಲಿ ಆ ಮುದಿ ರೋಬೋಟು ಒಬ್ಬನೇ ಒಂದು ದಿನ ಹೇಗೆ ಕಳೆಯುತ್ತಾನೆ? ದೊಡ್ಡ ಸಿನಿಮಾದಲ್ಲಿ ಅದಕ್ಕೆ ಜಾಗವಿರಲಿಲ್ಲ, ಇದರಲ್ಲಿ ಇತ್ತು. ಇದನ್ನೆಲ್ಲ ತಡವರಿಸುತ್ತಲೇ ಹೇಳಿದ. ಡೈರೆಕ್ಟರು ಮರ್ಯಾದೆಯಿಂದ ಕೇಳಿಸಿಕೊಂಡು, ತುಂಬಾ ಚೆನ್ನಾಗಿದೆ ಸರ್, ಕೊನೆಯಲ್ಲಿ ಹೆಸರುಗಳು ಓಡುವಾಗ ಅರ್ಧ ನಿಮಿಷ ಹಾಕಬಹುದು ಎಂದ.

ಆಮೇಲೆ ಉಳಿದದ್ದೂ ಹೊರಬಿತ್ತು. ಸೈನಿಕನ ಪಾತ್ರಕ್ಕೆ ದೊಡ್ಡ ಹೀರೋ ಒಪ್ಪಿಕೊಂಡಾಗಿತ್ತು. ರೋಬೋಟಾದ ಮೇಲೂ ಅವನೇ, ತಗಡೆಲ್ಲ ಕಂಪ್ಯೂಟರಿನಲ್ಲಿ. ಸೂಟಿನವನು ಮೂರು ವಾರ ಬಂದು ಅವನಿಗೆ ಕುಂಟುವುದನ್ನು ಹೇಳಿಕೊಟ್ಟರೆ ಸಾಕು. ಅಂದರೆ ತಗಡಣ್ಣನ ಸಿನಿಮಾದಲ್ಲಿ ತಗಡಣ್ಣನಿಗೇ ಕೆಲಸವಿರಲಿಲ್ಲ.

ಸೂಟಿನವನ ಪಿತ್ತ ನೆತ್ತಿಗೇರಿತು. ಕುರ್ಚಿಯಲ್ಲಿ ಕೂತು, ಬಲಗಾಲಿನ ಶೂ ಕಿತ್ತೆಸೆದು, ಕಾಲುಚೀಲ ಎಳೆದು, ಬರಿಗಾಲನ್ನು ಆ ನೂರ ಹತ್ತು ಪುಟಗಳ ಮೇಲೆ ದೊಪ್ಪನೆ ಇಟ್ಟ. ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಕಿರುಬೆರಳಿಗೆ ಉಗುರಿರಲಿಲ್ಲ. ಮಗ್ಗುಲಲ್ಲಿ ಮೂಳೆ ಉಬ್ಬಿ, ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು. ಅಕ್ಕ ಮುಖ ಬೇರೆ ಕಡೆ ತಿರುಗಿಸಿದಳು.

"ಕಾರಣ ಬೇಕಾ? ನೋಡ್ಕೊಳ್ಳಿ. ನಿಮ್ಮ ಕೋಟೆ ಬಾಗಿಲು ಇದು."

ಡೈರೆಕ್ಟರು ಮೆಲ್ಲಗೆ ಮಂಡಿಯೂರಿ ಕೂತ. ಆ ಬೆರಳುಗಳನ್ನು ಒಂದೊಂದಾಗಿ ನೋಡಿದ, ಮುಟ್ಟಲೋ ಬೇಡವೋ ಎನ್ನುವಂತೆ ಕೈ ಚಾಚಿ ಹಿಂದೆಗೆದ. ಅವನ ಕಣ್ಣು ನಿಜವಾಗಿಯೂ ತುಂಬಿಬಂದಿತ್ತು. ಸದ್ಯ, ಹುಡುಗನಿಗೆ ಅರ್ಥವಾಯಿತು ಎಂದುಕೊಂಡ ಸೂಟಿನವನು. ಬಿಗಿದಿದ್ದ ದವಡೆ ಸಡಿಲವಾಯಿತು.

"ಅಕ್ಕಾ," ಎಂದ ಡೈರೆಕ್ಟರು, ಆ ಕಾಲಿನಿಂದ ಕಣ್ಣು ಕೀಳದೆ. "ಇದರ ಅಚ್ಚು ತೆಗೆದು ಸೈನಿಕನಿಗೆ ರಬ್ಬರಿನ ಪಾದ ಮಾಡಿ. ಒಂದು ಬೆರಳೂ ಹೆಚ್ಚುಕಮ್ಮಿ ಆಗಬಾರದು, ಹೀಗೇ ಬೇಕು. ಹಾಕ್ಕೊಂಡಾಗ ಹೀರೋಗೆ ನೋವಾಗದೇ ಇದ್ರೆ ಸಾಕು."