ನಿದ್ದೆಯ ಮೇಲಿನ ಕೊಸರು

ಊರಾಚೆಯ ಹೊಸ ಬಡಾವಣೆಯಲ್ಲಿ ನಿದ್ದೆಯ ದೊಡ್ಡ ಮಳಿಗೆ ತೆರೆದ ಮೇಲೆ ಚಿಕ್ಕತಾಯಮ್ಮನ ನಿದ್ದೆ ಅಂಗಡಿಯತ್ತ ಜನ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಲ್ಲಿ ಅಳೆಯುವುದು ಯಂತ್ರ. ಗುಲಗಂಜಿಯಷ್ಟೂ ಹೆಚ್ಚು ಬೀಳದು. ಇವಳೋ ಪಾವು ನಿದ್ದೆ ಅಳೆದು, ಮೇಲೊಂದು ಚಿಟಿಕೆ ಕನಸನ್ನು ಕೊಸರು ಹಾಕುವವಳು.

ಇವತ್ತು ಆ ಮಳಿಗೆಯ ಮ್ಯಾನೇಜರೇ ಬಂದು ಬಾಗಿಲಲ್ಲಿ ನಿಂತಾಗ ಅವಳು ಪಾವನ್ನು ಕೆಳಗಿಟ್ಟು ಎದ್ದಳು. ಅಂಗಡಿ ಮುಚ್ಚಿಸಲು ಬಂದನೇ?

"ನಿದ್ದೆ ನಮ್ಮಲ್ಲೇ ಇದೆ ಅಮ್ಮಾ. ಬರೀ ಕೊಸರು ಕೊಡಿ, ದುಡ್ಡು ಎಷ್ಟಾದ್ರೂ ಸರಿ."

"ಕೊಸರು ಮಾರೋದಲ್ಲ ಕಣಪ್ಪ, ಕೊಂಡೋರಿಗೆ ಕೊಡೋದು."

ಅವನು ಅತ್ತಿತ್ತ ನೋಡಿದ.

"ಹಾಗಾದ್ರೆ ಒಂದು ಪಾವು ಅಳೀರಿ. ಕನಸೇ ಬೀಳ್ತಿಲ್ಲ ಅಂತ ಮಗಳು ಅಳ್ತಾಳೆ," ಎಂದು ಪಿಸುಗುಟ್ಟಿ, ತನ್ನ ಮಳಿಗೆಯ ಚೀಲವನ್ನು ಹೆಸರು ಒಳಗಾಗುವಂತೆ ತಿರುವಿ ಅವಳ ಮುಂದೆ ಹಿಡಿದ.