ಓರ್ಲಿನ್ ಮುಸುಕು ತೆಗೆದದ್ದು

ಮೇ ತಿಂಗಳ ಕೊನೆ, ಭಾನುವಾರ, ಬಿಸಿಲು ನೆತ್ತಿಗೇರಿದ ಹೊತ್ತು. ಡೆಟ್ರಾಯಿಟ್‌ನ ಎಲೆಕ್ಟ್ರಾನಿಕ್ ಸಂಗೀತೋತ್ಸವದ ವೇದಿಕೆಯಲ್ಲಿ ಅರವತ್ತೆರಡರ ಓರ್ಲಿನ್ ಮೊದಲ ರೆಕಾರ್ಡ್ ತಿರುಗಲು ಬಿಟ್ಟು, ಮುಖ ಮುಚ್ಚಿದ್ದ ಮುಸುಕಿನ ಗಂಟಿಗೆ ಕೈ ಹಾಕಿದ. ಮೂವತ್ತು ವರ್ಷ ಅವನು ಮುಸುಕಿಲ್ಲದೆ ವೇದಿಕೆ ಹತ್ತಿದವನಲ್ಲ. ಮೈಬಣ್ಣ ನೋಡದೆ ಸಂಗೀತ ಕೇಳಲಿ ಎಂದು ತಾನೇ ಹೊಲಿದುಕೊಂಡದ್ದು.

“ತೆಗೀಬೇಡಿ ಸಾರ್,” ಎಂದು ಉತ್ಸವದ ವ್ಯವಸ್ಥಾಪಕ ಬ್ರೆಂಟ್ ಹಿಂದಿನಿಂದ ತಡೆದ. “ಪೋಸ್ಟರ್ ತುಂಬ ಆ ಮುಸುಕೇ ಇದೆ. ತೆಗೆದ್ರೆ ಮುಂದಿನ ವರ್ಷ ನಿಮ್ಮನ್ನ ಕರೆಯೋಕಾಗಲ್ಲ.”

“ಇವತ್ತು ಈ ವೇದಿಕೇಲಿ ಒಂಬತ್ತು ಜನ ಇದೀವಿ. ಈ ಊರೋನು ನಾನೊಬ್ಬ, ಕಪ್ಪು ಬಣ್ಣದೋನೂ ನಾನೊಬ್ಬ. ನಾನೂ ಬಟ್ಟೆಯೊಳಗೇ ಇದ್ದುಬಿಟ್ರೆ, ಈ ಸಂಗೀತ ಹುಟ್ಟಿಸಿದ್ದು ಈ ಊರಿನ ಕಪ್ಪು ಜನ ಅಂತ ಯಾರಿಗಪ್ಪಾ ಗೊತ್ತಾಗ್ಬೇಕು?”

ಗಂಟು ಬಿಚ್ಚಿತು. ನರೆತ ಗಡ್ಡ, ಬೆವರಿದ ಕಪ್ಪು ಕೆನ್ನೆ ಬಿಸಿಲಿಗೆ ಬಂದವು. ಕುಣಿಯುತ್ತಿದ್ದವರು ಗಕ್ಕನೆ ನಿಂತರು. ಆಗ ಬೇಲಿಯಾಚೆ ನಿಂಬೆ ಪಾನಕ ಮಾರುತ್ತಿದ್ದ ಮುದುಕಿ ವರ್ಲೀನ್ ಕೂಗಿದಳು: “ಅಯ್ಯೋ, ನಮ್ಮ ಬೀದಿ ಓರ್ಲಿನ್ನು! ಇಷ್ಟು ವರ್ಷ ಚರ್ಚಲ್ಲಿ ನನ್ನ ಪಕ್ಕಾನೇ ಕೂತು, ಒಂದು ಮಾತು ಹೇಳ್ಲಿಲ್ವಲ್ಲೋ ಕಳ್ಳ!”

ಜನ ನಕ್ಕರು. ನಕ್ಕವರು ಅವನ ಮುಖ ನೋಡುತ್ತಲೇ ಮತ್ತೆ ಕುಣಿಯತೊಡಗಿದರು. ಆ ಭಾನುವಾರ ಅಲ್ಲಿಂದ ಹೊರಟು ಹೋದವನು ಬ್ರೆಂಟ್ ಒಬ್ಬನೇ.